ಕ್ವಾಂಗ್ ಡಾಕ್ಟರ ಹದಿಮೂರು ಚೀಟಿಗಳು

ಬದುಕಿರುವ ಹೆಂಗಸಿನ ಕೈಗೆ ಸಾವಿನ ಮನೆಯ ಟವೆಲ್ ಕೊಟ್ಟುಬಿಟ್ಟಳು ಕ್ವಾಂಗ್ ಯುಲಾನ್. ಐವತ್ತೆರಡು ವರ್ಷದ ಬಾಳಿನಲ್ಲಿ ಹಂದಿಯ ಇಂಜೆಕ್ಷನ್ನನ್ನು ಮನುಷ್ಯನಿಗೆ ಹಾಕಿದ್ದುಂಟು, ಇಬ್ಬರೂ ಬದುಕಿದರು. ಮದುಮಗಳಿಗೆ ಜಂತುಹುಳದ ಮಾತ್ರೆ ಕೊಟ್ಟದ್ದುಂಟು, ಮದುವೆ ನಿಲ್ಲಲಿಲ್ಲ. ಆದರೆ ಇಂಥ ಎಡವಟ್ಟು ಇದೇ ಮೊದಲು.

ಆ ಹೆಂಗಸು ಪಾಪ, ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಹರವಿಕೊಂಡು ಕೂತಲ್ಲೇ ಎಂಬತ್ತೇಳು ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದಳು. ನಿದ್ದೆ ಬರುತ್ತದೆಯೆ, ಊಟ ಸೇರುತ್ತದೆಯೆ, ಬಾಳು ಬೇಸರವಾಗಿದೆಯೆ. ಅದಕ್ಕೆ ಪ್ರಶ್ನಾವಳಿ ಎನ್ನುತ್ತಾರೆ. ಕೇಳಿಸಿಕೊಂಡವರಿಗೆ ಅದು ಪ್ರಶ್ನೆಗಳ ಹಾವಳಿ. ಎಲ್ಲ ಮುಗಿದ ಮೇಲೆ ಯುಲಾನ್, ವಿಶ್ವವಿದ್ಯಾಲಯದ ಕಡೆಯಿಂದ ಕಾಣಿಕೆ ಎಂದು ಚೀಲಕ್ಕೆ ಕೈಹಾಕಿ, ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ ಕೊಟ್ಟಳು. ಕೊಡಬೇಕಾದದ್ದು ಬಟ್ಟೆ ಒಗೆಯುವ ಪುಡಿ. ಕೊಟ್ಟದ್ದು ಬಿಳೀ ಟವೆಲ್. ಹೆಣವನ್ನು ಮಣ್ಣಿಗಿಟ್ಟು ಬಂದವರಿಗೆ ಆ ಮನೆಯವರು ಹಂಚುತ್ತಾರಲ್ಲ, ಅಂಥದ್ದು.

ಒಳಗಿನಿಂದ ಅತ್ತೆ ಹಾರಿ ಬಂದಳು. "ಥೂ! ಥೂ! ಥೂ! ನನ್ನ ಸೊಸೆ ಇನ್ನೂ ಉಸಿರಾಡ್ತಾ ಕೂತವ್ಳೆ ಕಣೇ, ಕಣ್ಣು ಕಾಣಲ್ವಾ ನಿಂಗೆ?"

"ತಪ್ಪಾಯ್ತು ಅಕ್ಕ, ಚೀಲ ಬದಲಾಯ್ತು."

"ಚೀಲ ಬದಲಾಯ್ತಂತೆ! ತಲೆ ಬದಲಾಗಿಲ್ಲ ತಾನೆ, ಮುಟ್ಟಿ ನೋಡ್ಕೋ. ಕಾಗದ ಹಿಡ್ಕೊಂಡು ಮನೆಮನೆ ಸುತ್ತೋಕೆ ಶುರು ಮಾಡಿದ್ಮೇಲೆ ಕ್ವಾಂಗ್ ಡಾಕ್ಟ್ರು ಕೆಟ್ಟೋದ್ಲು ಅಂತ ಊರೇ ಅಂತದೆ, ಸುಳ್ಳಲ್ಲ."

ಸೊಸೆ ಮಾತ್ರ ಮೆಣಸಿನಕಾಯಿ ತಿರುವುತ್ತಲೇ ನಕ್ಕಳು. "ಇರ್ಲಿ ಬಿಡಿ ಅತ್ತೆ, ಯಾಕೆ ಬೇಡ ಅಂತೀರಿ. ಎತ್ತಿಡಿ, ನಿಮಗೇ ಬೇಗ ಬೇಕಾಗುತ್ತೆ."

ಅತ್ತೆಯ ಕೈಯ ಪೊರಕೆ ಸೊಸೆಯ ಕಡೆ ಹಾರಿತು, ಟವೆಲ್ ಯುಲಾನಳ ಮುಖಕ್ಕೆ. ಆಕೆ ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಎರಡು ಪೊಟ್ಟಣ ಸೋಪಿನಪುಡಿ ಕಟ್ಟೆಯ ಮೇಲಿಟ್ಟು, ಬೆಟ್ಟದ ದಾರಿ ಹಿಡಿದಳು. ಹೀಗೆ ಪೊರಕೆ ಹಾರುವ ಮನೆಯ ಸೊಸೆಯರು ಸಾಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಬರೆಯಲು ಕಾಗದದಲ್ಲಿ ಜಾಗವಿರಲಿಲ್ಲ.

ಆ ಎರಡು ಚೀಲಗಳ ಏರ್ಪಾಡು ಮಾಡಿದವಳೇ ಅವಳು. ಪ್ರಾಂತ್ಯದ ರಾಜಧಾನಿಯಿಂದ ಬಂದ ಪ್ರೊಫೆಸರ್ ಶೆಂಗ್, ಹಗುರ ಅಂತ, ಮುನ್ನೂರು ಬಿಳೀ ಟವೆಲ್ ತರಿಸಿದ್ದರು. ಕೀಟನಾಶಕ ಕುಡಿದು ಸತ್ತ ಹೆಂಗಸರ ಮನೆಯವರನ್ನು ಕಂಡು, ಸತ್ತವಳ ಮನಸ್ಸು ಹೇಗಿತ್ತೆಂದು ಕೇಳಿ ಬರೆದುಕೊಳ್ಳುವುದು ಅವರ ಸಂಶೋಧನೆ. ಸತ್ತವಳೊಬ್ಬಳಿಗೆ, ಅದೇ ವಯಸ್ಸಿನ ಬದುಕಿರುವವಳೊಬ್ಬಳನ್ನು ಪಕ್ಕದ ಊರಿನಲ್ಲಿ ಹುಡುಕಿ ಅವಳನ್ನೂ ಕೇಳಬೇಕು, ತಕ್ಕಡಿಯ ಇನ್ನೊಂದು ತಟ್ಟೆಗೆ. ಟವೆಲಿನ ಗಂಟು ಬಿಚ್ಚಿದ ದಿನವೇ ಯುಲಾನ್ ಹೇಳಿದ್ದಳು, "ಪ್ರೊಫೆಸರೇ, ಇದನ್ನ ಬದುಕಿರೋರಿಗೆ ಕೊಟ್ರೆ ನಮ್ಮನ್ನ ಹೂತು, ಇದೇ ಟವೆಲ್ ಊರಿಗೆಲ್ಲ ಹಂಚ್ತಾರೆ." ಅಂದಿನಿಂದ ಕಪ್ಪು ದಾರದ ಚೀಲದಲ್ಲಿ ಸತ್ತವರ ಮನೆಗೆ ಟವೆಲ್, ಕೆಂಪು ದಾರದ ಚೀಲದಲ್ಲಿ ಬದುಕಿದವರಿಗೆ ಸೋಪಿನಪುಡಿ. ಗಂಟು ಹಾಕಿದವಳೇ ಇವತ್ತು ಗಂಟು ತಪ್ಪಿದ್ದಳು. ಕೈ ಈ ಅಂಗಳದಲ್ಲಿತ್ತು, ಮನಸ್ಸು ಬೆಟ್ಟದಾಚೆ ಮೆಂಗ್ ಅಜ್ಜಿಯ ಹೊಸ್ತಿಲಲ್ಲಿತ್ತು. ಇವತ್ತಿನ ಪಟ್ಟಿಯ ಮುಂದಿನ ಹೆಸರು ಆ ಅಜ್ಜಿಯ ಕೊನೆಯ ಮಗಳು ಮಾನ್‌ಯಿಂಗ್. ಮೂರು ವರ್ಷದ ಹಿಂದೆ ಅವಳ ಸಾವಿನ ಚೀಟಿ ಬರೆದವಳು ಯುಲಾನ್. ಬರೆದದ್ದು ಸುಳ್ಳು.

ಹುನಾನ್ ಪ್ರಾಂತ್ಯದ ಈ ದಕ್ಷಿಣದ ಬೆಟ್ಟಗಳಲ್ಲಿ ಯುಲಾನ್ ಇಪ್ಪತ್ತಮೂರರ ಹರೆಯದಲ್ಲೇ ಡಾಕ್ಟರಾದಳು. ಮೂರು ತಿಂಗಳ ಪಾಠ, ಒಂದು ಕಂದು ಪೆಟ್ಟಿಗೆ, ಎರಡು ಸೂಜಿ. ಗದ್ದೆಯಿಂದ ಕರೆದರೆ ಕೆಸರುಗಾಲಲ್ಲೇ ಹೋಗುವ ಬರಿಗಾಲ ಡಾಕ್ಟರು. ಊರೆಲ್ಲ ಒಟ್ಟಾಗಿ ಬೇಸಾಯ ಮಾಡುತ್ತಿದ್ದ ಕಮ್ಯೂನ್ ಮುಚ್ಚಿತು, ಪೆಟ್ಟಿಗೆಯ ಬಣ್ಣ ಹೋಯಿತು, ಕಾಲಿಗೆ ರಬ್ಬರ್ ಬೂಟು ಬಂತು. ಊರಿನ ಹೆರಿಗೆ, ಜ್ವರ, ಸಾವುಗಳು ಮಾತ್ರ ಅವಳ ಕೈ ಬಿಡಲಿಲ್ಲ. ಸತ್ತವರಿಗೆ ಯಾಕೆ ಸತ್ತರೆಂದು ಚೀಟಿ ಬರೆಯುವುದೂ ಅವಳೇ.

ಆ ಕಡೆ ಸೊಸೆಯೊಬ್ಬಳು ತಾನಾಗಿ ಪ್ರಾಣ ತೆಗೆದುಕೊಂಡರೆ ತವರಿನವರು ಸುಮ್ಮನಿರುವುದಿಲ್ಲ. ಐವತ್ತು ಅರವತ್ತು ಜನ ಒಟ್ಟಾಗಿ ಬಂದು ಇಳಿಯುತ್ತಾರೆ. 'ನಮ್ಮ ಹುಡುಗಿಯ ಜೀವಕ್ಕೆ ಉತ್ತರ ಕೊಡಿ' ಎಂದು ಹೆಣವನ್ನು ಅತ್ತೆಯ ಹಾಸಿಗೆಯ ಮೇಲೆ ಮಲಗಿಸುತ್ತಾರೆ. ಅಕ್ಕಿಯ ಹರವಿ ಒಡೆಯುತ್ತಾರೆ, ಹಂದಿ ಕೊಯ್ದು ತಿನ್ನುತ್ತಾರೆ, ಸೂರಿನ ಹೆಂಚು ಕಿತ್ತೆಸೆಯುತ್ತಾರೆ. ಎಂಬತ್ತಮೂರನೇ ಇಸವಿಯ ಚಳಿಗಾಲದಲ್ಲಿ ಹೂ ಮನೆತನದ ಸೊಸೆ ಸತ್ತಾಗ ಯುಲಾನ್ ಇದ್ದದ್ದನ್ನು ಇದ್ದಂತೆ ಬರೆದಳು: ಜಗಳವಾಡಿ ವಿಷ ಕುಡಿದದ್ದು. ತವರಿನವರು ಮೂರು ದಿನ ಕೂತರು. ಎದ್ದು ಹೋಗುವಾಗ ಮನೆಯ ಮೇಲೆ ಹೆಂಚಿರಲಿಲ್ಲ. ಸತ್ತವಳ ನಾಲ್ಕು ತಿಂಗಳ ಕೂಸು ಆ ಬಯಲು ಸೂರಿನಡಿ ಎಂಟನೇ ದಿನಕ್ಕೆ ಎದೆ ಕಟ್ಟಿ ತೀರಿಕೊಂಡಿತು. ಅದರ ಚೀಟಿಯನ್ನೂ ಯುಲಾನಳೇ ಬರೆದಳು. ಶೀತ, ಎಂದು ಬರೆದಳು.

ಮುಂದಿನ ಸಲ ಅವಳು ಬರೆದದ್ದು ಹೀಗೆ: 'ಕೆಮ್ಮಿನ ಔಷಧಿ ಎಂದು ತಿಳಿದು, ತಪ್ಪಿ ಕುಡಿದದ್ದು.' ತವರಿನವರು ಬಂದರು, ಚೀಟಿ ಓದಿಸಿದರು, ಅತ್ತರು, ಒಂದು ಹೊತ್ತು ಉಂಡರು, ಟವೆಲ್ ತೆಗೆದುಕೊಂಡು ಹೋದರು. ಹೆಂಚು ಉಳಿಯಿತು. ಹದಿನಾರು ವರ್ಷದಲ್ಲಿ ಅಂಥ ಚೀಟಿಗಳು ಹದಿಮೂರಾದವು. ಹೊಲಕ್ಕೆ ಹೊಡೆಯುವುದೂ ಔಷಧಿ, ಮೈಗೆ ಕೊಡುವುದೂ ಔಷಧಿ. ಒಂದೇ ಮಾತು ಎರಡು ಕಡೆ ಸಲ್ಲುತ್ತಿದ್ದುದರಿಂದ ಅವಳ ಸುಳ್ಳಿಗೆ ಹೆಚ್ಚು ಖರ್ಚಾಗಲಿಲ್ಲ.

ಶೆಂಗ್ ಅವಳನ್ನು ಆರಿಸಿಕೊಂಡದ್ದು ಎಲ್ಲ ಬಾಗಿಲೂ ಅವಳಿಗೆ ತೆರೆಯುತ್ತವೆ ಎಂದು. ಅವರದ್ದು ಮನಶ್ಶಾಸ್ತ್ರ, ಇವಳದ್ದು ಮನೆಶಾಸ್ತ್ರ. ಯಾವ ಅತ್ತೆ ಇನ್ನೂ ಅಕ್ಕಿಯ ಕೀಲಿ ಬಿಟ್ಟುಕೊಟ್ಟಿಲ್ಲ, ಯಾವ ಗಂಡ ಗುವಾಂಗ್‌ಡಾಂಗಿನ ಕಾರ್ಖಾನೆಯಿಂದ ಎರಡು ವರ್ಷವಾದರೂ ಬಂದಿಲ್ಲ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಜಿಲ್ಲೆಯ ಅತಿಥಿಗೃಹದಲ್ಲಿ ಐದು ದಿನ ತರಬೇತಿಯಾಯಿತು. ಸಮಾಧಾನ ಹೇಳಬೇಡಿ. ಬುದ್ಧಿ ಹೇಳಬೇಡಿ. ಕಷ್ಟದ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಸುಮ್ಮನೆ ಕಾಯಿರಿ, ಮೌನವೇ ಮಾತಾಡಿಸುತ್ತದೆ.

ಮೌನ ಮಾತಾಡಿಸಲಿಲ್ಲ, ಮೊಟ್ಟೆ ಬೇಯಿಸಿತು. ಆ ಬೆಟ್ಟದಲ್ಲಿ ಬಂದವರು ಸುಮ್ಮನೆ ಕೂತರೆ ಹಸಿದಿದ್ದಾರೆ ಎಂದರ್ಥ. ಯುಲಾನ್ ನಾಲ್ಕು ಎಣಿಸುವುದರೊಳಗೆ ಮನೆಯಾಕೆ ಎದ್ದು ಒಲೆಯ ಕಡೆ ಹೋಗಿ, ಬೆಲ್ಲದ ನೀರಿಗೆ ಮೂರು ಮೊಟ್ಟೆ ಒಡೆದು ಹಾಕುತ್ತಿದ್ದಳು. ಮೊದಲ ದಿನ ಐದು ಮನೆ, ಹದಿನೈದು ಮೊಟ್ಟೆ. ಸಂಜೆ ಅವಳು ಶೆಂಗರಿಗೆ ವರದಿ ಒಪ್ಪಿಸಿದಳು. "ಪ್ರೊಫೆಸರೇ, ಇನ್ನು ನಾಲ್ಕು ದಿನ ಮೌನ ಮಾಡಿದ್ರೆ ಮುಂದಿನ ಕಾಗದ ನನ್ನ ಮನೆಯವರ ಹತ್ರ ತುಂಬಿಸ್ಕೋಬೇಕಾಗುತ್ತೆ."

ಶೆಂಗ್ ನಕ್ಕರು. ಕೆಟ್ಟವರಲ್ಲ. ಊಟದಲ್ಲಿ ಮೆಣಸಿನಕಾಯಿ ಆರಿಸಿ ತಟ್ಟೆಯ ಅಂಚಿಗಿಡುವ ತೆಳ್ಳನೆ ಮನುಷ್ಯ. ಎರಡು ವಾರದ ಹಿಂದೆ ಹಳೆಯ ಚೀಟಿಗಳ ಕಟ್ಟು ಅವರ ಕೈಗೆ ಬಂತು.

"ಕ್ವಾಂಗ್ ಡಾಕ್ಟ್ರೇ, ನಿಮ್ಮ ಕಡೆ ಹೆಂಗಸರಿಗೆ ಭಾರೀ ಕೆಮ್ಮು ಅನ್ಸುತ್ತೆ."

"ಬೆಟ್ಟದ ಹವೆ, ಪ್ರೊಫೆಸರೇ."

"ಕಣ್ಣೂ ಮಂಜು. ಹದಿಮೂರು ಜನಕ್ಕೆ ಬಾಟಲಿ ಯಾವುದು ಅಂತ ಗೊತ್ತಾಗ್ಲಿಲ್ಲ."

"ಅವರಿಗೆ ಅಕ್ಷರ ಬರಲ್ಲ."

"ಮೂಗೂ ಇಲ್ವಾ?"

ಹೊಲದ ಔಷಧಿಯ ವಾಸನೆ ಬೇಲಿಯಾಚೆಗೂ ಹೊಡೆಯುತ್ತದೆ. ಶೆಂಗ್ ಕಟ್ಟನ್ನು ಮೆಲ್ಲಗೆ ಕೆಳಗಿಟ್ಟರು. "ನಾನು ಯಾರಿಗೂ ದೂರು ಕೊಡಲ್ಲ. ಊರು ಬೇಡ, ಹೆಸರು ಬೇಡ, ಯಾಕೆ ಅಂತ ಮಾತ್ರ ಬೇಕು. ಗಂಡನ ಮನೆಯಿಂದ ಒಬ್ರು, ತವರಿಂದ ಒಬ್ರು ಹೇಳ್ಬೇಕು. ಹನ್ನೆರಡನ್ನ ಬೇರೆಯವರು ನೋಡ್ಕೋತಾರೆ. ಹದಿಮೂರನೇದು ಇದೆಯಲ್ಲ, ಆ ಅಜ್ಜಿ ನಮ್ಮ ಹುಡುಗೀರನ್ನ ಎರಡು ಸಲ ವಾಪಸ್ ಕಳಿಸಿದಾಳೆ. ಕ್ವಾಂಗ್ ಡಾಕ್ಟ್ರು ಬಂದ್ರೆ ಬಾಗಿಲು ತೆಗೀತೀನಿ ಅಂದಳಂತೆ."

ಕಾಗದದ ಕೊನೆಯಲ್ಲಿ ಎರಡು ಚೌಕಗಳಿದ್ದವು. ಒಂದು, ತಪ್ಪಿ ಆದದ್ದು. ಇನ್ನೊಂದು, ಬೇಕೆಂದೇ ಮಾಡಿಕೊಂಡದ್ದು. ಒಂದಕ್ಕೆ ಗುರುತು ಹಾಕಬೇಕು.

ಏರು ಹತ್ತುತ್ತ ಯುಲಾನ್ ಆ ಎರಡು ಚೌಕಗಳ ನಡುವಿನ ಗೆರೆಯನ್ನೇ ನೆನೆಯುತ್ತಿದ್ದಳು. ಮಾನ್‌ಯಿಂಗ್ ಬಿದ್ದದ್ದು ಆ ಗೆರೆಯ ಮೇಲೆ.

ಅವತ್ತು ಮಾನ್‌ಯಿಂಗ್ ಪೇಟೆಗೆ ಹೋಗಿ ಕೂದಲು ಗುಂಗುರು ಮಾಡಿಸಿಕೊಂಡು ಬಂದಿದ್ದಳು. ಅತ್ತೆ ಅವಳ ತಲೆ ನೋಡಿ, 'ಕುರಿ ಯಾವಾಗ ಕೊಂಡ್ರಿ' ಎಂದಳು. ಗಂಡ ಗುಯಿಶಂಗ್ ನಕ್ಕ. ಅಷ್ಟೇ ನಡೆದದ್ದು. ಯುಲಾನ್ ಓಡಿಬಂದಾಗ ಹುಡುಗಿ ನೆಟ್ಟಗೆ ಕೂತು, ಕೋಪದಲ್ಲಿ, ಸೋಪಿನ ನೀರು ಕುಡಿದು ಕಾರುತ್ತಿದ್ದಳು. ನಡುವೆ ಯುಲಾನಳ ತೋಳು ಹಿಡಿದಳು. "ಅಕ್ಕ, ನಾನು ಸಾಯಲ್ಲ ತಾನೆ? ಇವರು ಹೆದರ್ಲಿ ಅಂತ ಒಂದು ಗುಟುಕು ಕುಡಿದೆ. ಬೇಗ ಪೇಟೆಗೆ ಕರ್ಕೊಂಡ್ಹೋಗು."

ಪೇಟೆ ಹನ್ನೆರಡು ಕಿಲೋಮೀಟರು. ಅಂಗಳದಲ್ಲಿ ಟ್ರ್ಯಾಕ್ಟರ್ ಇತ್ತು, ಎಣ್ಣೆಯೂ ಇತ್ತು. ಅದನ್ನು ತಿರುಗಿಸಿ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲ್ ಗೋಡೆಯ ಮೊಳೆಯಲ್ಲಿರಲಿಲ್ಲ. ಹಿಡಿದರೆ ಅಂಗೈ ಉಜ್ಜದಿರಲಿ ಎಂದು ಮಾನ್‌ಯಿಂಗಳೇ ಹಸಿರು ಬಟ್ಟೆ ಸುತ್ತಿ ಹೊಲಿದಿದ್ದ ಹ್ಯಾಂಡಲ್. ಗುಯಿಶಂಗ್ ಹುಲ್ಲುಮನೆ, ಹಂದಿಗೂಡು, ಮಂಚದಡಿ ಎಲ್ಲ ತಡಕಾಡಿ, ಅಂಗಳದ ನಡುವೆ ನಿಂತು ತಲೆ ಹಿಡಿದುಕೊಂಡ. ಆಮೇಲೆ ಅವನಿಗೆ ನೆನಪಾಯಿತು, ಎಂಟು ದಿನದ ಕೆಳಗೆ ಮಾನ್‌ಯಿಂಗಳ ಅಣ್ಣ, ತನ್ನದು ಮುರಿಯಿತು ಎಂದು ಅದನ್ನು ಕೇಳಿ ಒಯ್ದಿದ್ದ. ಬೆಟ್ಟದಾಚೆಗೆ.

ಬಾಗಿಲ ಹಲಗೆಯ ಮೇಲೆ ಮಲಗಿಸಿ ನಾಲ್ವರು ಹೊತ್ತು ಓಡಿದರು. ಯುಲಾನ್ ಪಕ್ಕದಲ್ಲಿ ತಲೆ ಹಿಡಿದುಕೊಂಡು ಓಡಿದಳು. ಹುಡುಗಿ ದಾರಿಯುದ್ದಕ್ಕೂ ಏನೋ ಗೊಣಗುತ್ತಿದ್ದಳು. ಎಣ್ಣೆ ಗಾಣದ ಹತ್ತಿರ ಗೊಣಗುವುದು ನಿಂತಿತು. ಹಲಗೆ ಇಳಿಸಿ ನಾಲ್ವರೂ ಬೀಡಿ ಹಚ್ಚಿದರು, ಓಡಬೇಕಾಗಿರಲಿಲ್ಲ.

ಅವತ್ತು ಬರೆದ ಒಂದು ಸಾಲಿನಲ್ಲಿ ಅವಳು ಎರಡು ಮನೆ ಉಳಿಸಿದಳು. ತಪ್ಪಿ ಕುಡಿದದ್ದು ಎಂದದ್ದರಿಂದ ಗುಯಿಶಂಗನ ಹೆಂಚು ಉಳಿಯಿತು. "ಹ್ಯಾಂಡಲ್ ಮಾತು ಎತ್ತಬೇಡ, ಸತ್ರೂ ಎತ್ತಬೇಡ" ಎಂದು ಗುಯಿಶಂಗನ ಬಾಯಿ ಮುಚ್ಚಿಸಿದ್ದರಿಂದ ತವರಿನ ಮನೆ ಉಳಿಯಿತು. ಅವನು ಹೊಸ ಹ್ಯಾಂಡಲ್ ಕೊಂಡ. ಹಳೆಯದನ್ನು ಕೇಳಲು ಹೋಗಲಿಲ್ಲ. ಆದರೆ ಅಂದಿನಿಂದ ಪ್ರತಿ ವಸಂತದಲ್ಲೂ ಮಗಳ ಗೋರಿ ಗುಡಿಸಿ ಬರುವಾಗ ಮೆಂಗ್ ಅಜ್ಜಿ ಒಂದು ಬುಟ್ಟಿ ಮೊಟ್ಟೆ ತಂದು ಯುಲಾನಳ ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದಳು. ಯುಲಾನ್ ಒಂದೇ ಉತ್ತರ ಕೊಡುತ್ತಿದ್ದಳು. ಮೊಟ್ಟೆಯನ್ನು ಮಾತ್ರ ಹಂದಿಗೆ ಹಾಕುತ್ತಿದ್ದಳು.

ಬೆಟ್ಟ ಇಳಿದಾಗ ಅಜ್ಜಿ ಜಗಲಿಯಲ್ಲಿ ಎಣ್ಣೆಬೀಜ ಸುಲಿಯುತ್ತಿದ್ದಳು. ಅರವತ್ತೆಂಟು ವರ್ಷ, ಬೆರಳೆಲ್ಲ ಕಪ್ಪು.

"ಬಂದ್ಯಾ ಡಾಕ್ಟ್ರೇ? ಒಳ್ಳೇದಾಯ್ತು. ಮುಂದಿನ ಸಲ ಮೊಟ್ಟೆ ಹೊತ್ತು ಬೆಟ್ಟ ಹತ್ತೋದು ನನಗೆ ತಪ್ತು."

ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿ, ಎಳ್ಳು ಶುಂಠಿಯ ಚಹಾ ಕೊಟ್ಟು, ಎದುರಿಗೆ ಗೋಡೆಗೊರಗಿ ಕೂತಳು. ಅವಳ ತಲೆಯ ಮೇಲೆ, ಜರಡಿ ಮತ್ತು ಕುಡುಗೋಲಿನ ನಡುವೆ, ಮಗ ಹೊಸದು ಕೊಂಡ ಮೇಲೆ ಮೊಳೆಗೆ ಸಿಕ್ಕಿಸಿಟ್ಟ ಹ್ಯಾಂಡಲ್. ಹಸಿರು ಬಟ್ಟೆ ಮಾಸಿತ್ತು, ಹೊಲಿಗೆ ಬಿಟ್ಟಿರಲಿಲ್ಲ.

ಯುಲಾನ್ ಕಾಗದ ತೆಗೆದಳು. ಪೆನ್ಸಿಲ್ ತುದಿ ನಾಲಿಗೆಗೆ ತಾಗಿಸಿದಳು.

"ಕೊನೇ ತಿಂಗಳಲ್ಲಿ ಅವಳ ಮನಸ್ಸು ಕುಗ್ಗಿತ್ತಾ, ಅಜ್ಜಿ?"

"ಮನಸ್ಸಾ? ಎದೆ ಹಿಡ್ದಂಗಾಗುತ್ತೆ, ತಲೆ ಭಾರ, ಅಂತಿದ್ಲು. ಅದು ಮನಸ್ಸೋ ಎದೆಯೋ ನೀನು ಡಾಕ್ಟ್ರು, ನೀನೇ ಬರ್ಕೋ."

"ಒಂದರಿಂದ ಐದರೊಳಗೆ ಎಷ್ಟು ಅಂತ ಹಾಕ್ಲಿ?"

"ಮೂರು ಹಾಕು. ಜಾಸ್ತಿ ಹಾಕಿದ್ರೆ ಅವಳನ್ನ ಹುಚ್ಚಿ ಅಂತಾರೆ. ಕಮ್ಮಿ ಹಾಕಿದ್ರೆ ನಿನಗೇನೂ ಗೊತ್ತಾಗ್ಲಿಲ್ವಾ, ನೀನೆಂಥ ತಾಯಿ ಅಂತಾರೆ."

"ಕೊನೇ ಸಲ ಅವಳನ್ನ ನೋಡಿದ್ದು?"

ಅಜ್ಜಿ ಬೀಜ ಸುಲಿಯುವುದನ್ನು ನಿಲ್ಲಿಸಿದಳು. "ಆರು ದಿನ ಮುಂಚೆ ಬಂದಿದ್ಲು. ಗಾಣ ಮುಗಿಯೋವರ್ಗೂ ಇರ್ತೀನಿ ಅಮ್ಮ ಅಂದ್ಲು. ನಾನೇ ಬೈದು ಕಳಿಸ್ದೆ. ಗಂಡನ ಮನೇಲಿ ಕೆಲಸ ಇಲ್ವೇನೇ, ಅಂದೆ. ಒಂದು ಡಬ್ಬಿ ಉಪ್ಪಿನ ಮೆಣಸಿನಕಾಯಿ ಕೊಟ್ಟು, ಇದೇ ಬಾಗಿಲಲ್ಲಿ ನಿಂತು, ಹೋಗು ಹೋಗು ಅಂತ ಕೈ ಬೀಸ್ದೆ. ಅದಕ್ಕೆಷ್ಟು ಹಾಕ್ತೀಯ? ಅದಕ್ಕೂ ಮೂರೇನಾ?"

ಯುಲಾನ್ ಏನೂ ಹಾಕಲಿಲ್ಲ. ಮಿಕ್ಕ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ಮುಗಿಸಿದಳು. ಉಳಿದದ್ದು ಎರಡು ಚೌಕ. ಕಪ್ಪು ದಾರದ ಚೀಲ ಬಿಚ್ಚಿ, ಬೆಳಿಗ್ಗೆ ತನ್ನ ಮುಖಕ್ಕೆ ಬಿದ್ದಿದ್ದ ಟವೆಲನ್ನೇ ಮಡಿಕೆ ಸರಿಮಾಡಿ ಅಜ್ಜಿಯ ಮಡಿಲಿನಲ್ಲಿಟ್ಟಳು. ಅಜ್ಜಿ ಅದನ್ನು ತೊಡೆಯ ಮೇಲೆ ಸವರಿದಳು.

"ನೀನು ಅಷ್ಟೊಂದು ಕೇಳ್ದೆ, ನಾನು ಹೇಳ್ದೆ. ನಂದು ಒಂದೇ. ಪ್ರತಿ ವರ್ಷದ್ದು. ಅದು ತಪ್ಪಿ ಕುಡಿದದ್ದಾ?"

ಯುಲಾನ್ ಬಾಯಿ ತೆರೆದಳು. ಮೂರು ವರ್ಷ ಸಲೀಸಾಗಿ ಬಂದ ಮಾತು ಇವತ್ತು ಬರಲಿಲ್ಲ. ಗೋಡೆಯ ಮೇಲಿನ ಹಸಿರು ಬಟ್ಟೆ ನೋಡಿದಳು, ನೆಲ ನೋಡಿದಳು. ಐದು ದಿನದ ತರಬೇತಿಯಲ್ಲಿ ಅವಳಿಗೆ ಒಲಿಯದ ವಿದ್ಯೆ ಈಗ ತಾನಾಗಿ ಬಂದು ಕೂತಿತ್ತು. ಹತ್ತಾಯಿತು, ಇಪ್ಪತ್ತಾಯಿತು. ಮೊಟ್ಟೆ ಬೇಯಿಸಲು ಯಾರೂ ಏಳಲಿಲ್ಲ.

"ಹಂಗಾದ್ರೆ ಸಾಯ್ಬೇಕು ಅಂತಾನೇ ಕುಡಿದ್ಲು," ಅಂದಳು ಅಜ್ಜಿ. "ನಾನು ಇರಿಸ್ಕೊಳ್ಳಲಿಲ್ಲ ಅಂತ."

"ಅಲ್ಲ ಅಜ್ಜಿ. ಅಲ್ಲ."

"ತಪ್ಪೂ ಅಲ್ಲ, ಬೇಕಂತಾನೂ ಅಲ್ಲ. ಮೂರನೇದು ಏನಿದೆ? ನಿನ್ನ ಕಾಗದದಲ್ಲಿ ಮೂರನೇದು ಇದೆಯಾ?"

ಇರಲಿಲ್ಲ.

ಅಜ್ಜಿಯ ದನಿ ಏರಲಿಲ್ಲ. "ಕೇಳು. ನನ್ನ ಮಗ ನಿನ್ನ ಚೀಟಿನ ಪೆಟ್ಟಿಗೇಲಿಟ್ಟಿದಾನೆ. ಕುಡಿದಾಗೆಲ್ಲ ತೆಗೆದು ಓದ್ತಾನೆ. ಕ್ವಾಂಗ್ ಡಾಕ್ಟ್ರು ಬಾಯಲ್ಲಿ ಬೇರೆ ಮಾತು ಬಂದ್ರೆ ಸಾಕು, ಆ ಮನೆ ಮೇಲೆ ಒಂದು ಹೆಂಚು ಇರಲ್ಲ ಅಂತಾನೆ. ಗಾಣದಿಂದ ಈಗ ಬರ್ತಾನೆ. ನೀನು ಇಲ್ಲಿ ಕೂತಿದ್ದು ನೋಡಿದ್ರೆ ಅವನೂ ಕೇಳ್ತಾನೆ."

ಆ ಹೆಂಚಿನಡಿ ಮಾನ್‌ಯಿಂಗಳ ಆರು ವರ್ಷದ ಮಗಳು ಮಲಗುತ್ತಾಳೆ. ಯುಲಾನಳಿಗೆ ಹೂ ಮನೆತನದ ಕೂಸಿನ ಎದೆಯ ಸದ್ದು ಕೇಳಿಸಿತು, ಹದಿನಾರು ವರ್ಷವಾದರೂ ನಿಂತಿರದ ಸದ್ದು. ಹೆಂಚು ಉಳಿಯುವ ದಾರಿಯೊಂದು ಅಜ್ಜಿಯ ತಲೆಯ ಮೇಲೆ ಮೊಳೆಯಲ್ಲಿ ತೂಗುತ್ತಿತ್ತು: ಅದನ್ನು ಒಯ್ದವನು ತಾನೇ ಎಂದು ಗೊತ್ತಾದರೆ ಅಣ್ಣ ಆ ಹೆಂಚಿಗೆ ಕೈಹಾಕಲಾರ. ಅಥವಾ ಹಳೆಯ ದಾರಿ: ತಪ್ಪಿಯೇ ಕುಡಿದದ್ದು ಅಜ್ಜಿ, ಕೊನೆಗೆ ಅಮ್ಮಾ ಅಂದಳು. ಬೇರೆ ಏಳು ತಾಯಂದಿರಿಗೆ ಆ ಮಾತನ್ನು ಅವಳು ಕೊಟ್ಟಿದ್ದಳು. ಏಳೂ ಜನ ತೆಗೆದುಕೊಂಡು ಹೋಗಿ ಅದನ್ನು ಹೊದ್ದು ಮಲಗಿದ್ದರು. ಎಂಟನೆಯದು ನಾಲಿಗೆಯ ಮೇಲೆ ಸಿದ್ಧವಿತ್ತು.

ಅಂಗಳದಾಚೆ ಟ್ರ್ಯಾಕ್ಟರಿನ ಸದ್ದು ಏರು ಹತ್ತುತ್ತ ಹತ್ತಿರವಾಯಿತು. ಅಜ್ಜಿ ಮುಂದಕ್ಕೆ ಬಾಗಿ, ಬೀಜದ ಎಣ್ಣೆ ಹತ್ತಿದ ಕಪ್ಪು ಬೆರಳುಗಳಲ್ಲಿ ಯುಲಾನಳ ಮಣಿಕಟ್ಟು ಹಿಡಿದಳು.

"ಹಲಗೆ ಪಕ್ಕ ನೀನೇ ಇದ್ದೆ. ಕೊನೆಗೆ ನನ್ನ ಹೆಸರು ಎತ್ತಿದ್ಲಾ? ಬೈದ್ಲಾ? ಏನಂದ್ಲು, ಹೇಳು."

"ಹ್ಯಾಂಡಲ್ ಸಿಕ್ತಾ ಅಂತ ಕೇಳ್ತಿದ್ಲು," ಅಂದಳು ಯುಲಾನ್.